ಅಮ್ಮನ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಪ್ಯಾಂಕ್ರಿಯಾಸ್‌ನಲ್ಲಿ ಸಿಸ್ಟ್’ ಅಂತಿದೆ. ಯಾವ ಸಿಸ್ಟ್ ಅಂತ ತಿಳಿಯೋದು ಹೇಗೆ?

ತುಮಕೂರು_ಮಗಳು

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 64 ವರ್ಷ. ಶುಗರ್ ಇಲ್ಲ, ಬಿಪಿ ಮಾತ್ರೆ ಒಂದು ತಗೋತಾರೆ ಅಷ್ಟೆ. ಎರಡು ತಿಂಗಳಿಂದ ಊಟ ಆದಮೇಲೆ ಹೊಟ್ಟೆ ಉಬ್ಬರ ಅಂತಿದ್ದರು. ಗ್ಯಾಸ್ಟ್ರಿಕ್ ಇರಬೇಕು ಅಂತ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದೆವು. ಲಿವರ್, ಕಿಡ್ನಿ ಎಲ್ಲ ಸರಿಯಿದೆ. ಕೊನೆ ಸಾಲಲ್ಲಿ ಮಾತ್ರ ‘ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಬಾಡಿ ಭಾಗದಲ್ಲಿ (ಅಂದರೆ ಅದರ ನಡುಭಾಗ) 18 ಮಿ.ಮೀ. ಸಿಸ್ಟಿಕ್ ಲೀಷನ್’ ಅಂತ ಬರೆದಿದ್ದಾರೆ. ಡಾಕ್ಟರು ‘ಎಂಆರ್‌ಸಿಪಿ (ಪ್ಯಾಂಕ್ರಿಯಾಸ್, ಪಿತ್ತನಾಳಗಳ ಎಂಆರ್‌ಐ) ಮಾಡಿಸಿಕೊಂಡು ಬನ್ನಿ’ ಅಂದು ಮುಂದಿನ ಪೇಷಂಟನ್ನು ಕರೆದರು.

ರಾತ್ರಿ ಪೂರ್ತಿ ಮೊಬೈಲ್ ಹಿಡಿದು ಓದಿದೆ. ಒಂದು ಕಡೆ ‘ಏನೂ ಆಗಲ್ಲ’ ಅಂತಿದೆ, ಇನ್ನೊಂದು ಕಡೆ ಕ್ಯಾನ್ಸರ್ ಅಂತಿದೆ. ಸ್ಯೂಡೋಸಿಸ್ಟ್, ಸೀರಸ್, ಮ್ಯೂಸಿನಸ್, ಐಪಿಎಂಎನ್, ಎಲ್ಲ ತಲೆಯಲ್ಲಿ ಕಲಸಿಹೋಗಿದೆ. ಅಮ್ಮ ಅಡುಗೆಮನೆಯಿಂದ ‘ಏನಂತೆ ಅದು?’ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಫಿಲ್ಮ್_ನೋಡುವವ

ನಾನು ರೇಡಿಯಾಲಜಿಸ್ಟ್, ಕರಾವಳಿಯವನು. ಮೊದಲು ಒಂದು ಮಾತು. ‘ಸಿಸ್ಟ್’ ಅನ್ನೋದು ಕಾಯಿಲೆಯ ಹೆಸರಲ್ಲ, ನಮ್ಮ ಪರದೆ ಮೇಲೆ ಕಂಡ ಆಕಾರದ ಹೆಸರು. ಒಳಗೆ ದ್ರವ ಇದೆ, ಸುತ್ತ ಗೋಡೆ ಇದೆ, ಅಷ್ಟೇ ಅದರರ್ಥ. ಬೇರೆ ಕಾರಣಕ್ಕೆ ಹೊಟ್ಟೆಯ ಸಿಟಿ ಮಾಡಿಸಿಕೊಂಡವರಲ್ಲೇ ನೂರಕ್ಕೆ 2-3 ಜನರಿಗೆ ಇಂಥದ್ದು ಕಾಣುತ್ತೆ. ಎಂಆರ್‌ಐಯಲ್ಲಿ ಇನ್ನೂ ಹೆಚ್ಚು, ವಯಸ್ಸಾದಷ್ಟೂ ಹೆಚ್ಚು.

ನಮಗೆ ಪಾಠ ಹೇಳುವಾಗ ಮೇಷ್ಟ್ರು ಒಂದು ಸೂತ್ರ ಕಲಿಸುತ್ತಿದ್ದರು: ಅಜ್ಜಿ, ಅಮ್ಮ, ಮಗಳು. ಅಜ್ಜಿ ವಯಸ್ಸಿನವರಲ್ಲಿ ಸೀರಸ್ ಸಿಸ್ಟಡೆನೋಮ (ತಿಳಿನೀರಿನ ಗಡ್ಡೆ), ಅಮ್ಮನ ವಯಸ್ಸಿನವರಲ್ಲಿ ಮ್ಯೂಸಿನಸ್ ಸಿಸ್ಟಿಕ್ ನಿಯೋಪ್ಲಾಸಂ (ಎಂಸಿಎನ್, ಲೋಳೆಯ ಗಡ್ಡೆ), ಮಗಳ ವಯಸ್ಸಿನವರಲ್ಲಿ ಸಾಲಿಡ್ ಸ್ಯೂಡೋಪ್ಯಾಪಿಲ್ಲರಿ ಗಡ್ಡೆ (ಎಸ್‌ಪಿಎನ್). ಐಪಿಎಂಎನ್ (ಪ್ಯಾಂಕ್ರಿಯಾಸ್ ನಾಳದೊಳಗಿನ ಲೋಳೆಯ ಗಡ್ಡೆ) ಗಂಡಸರು ಹೆಂಗಸರು ಇಬ್ಬರಲ್ಲೂ, 60 ದಾಟಿದವರಲ್ಲಿ ಜಾಸ್ತಿ. ಇದಿಷ್ಟರಿಂದಲೇ ತೀರ್ಮಾನಕ್ಕೆ ಬರೋಕಾಗಲ್ಲ, ಆದರೆ ಯಾವ ಕಡೆ ನೋಡಬೇಕು ಅಂತ ಗೊತ್ತಾಗುತ್ತೆ.

ತಾಯಿಯವರಿಗೆ ಹಿಂದೆ ಯಾವಾಗಲಾದರೂ ಬೆನ್ನಿಗೆ ಹೊಡೆಯುವಂಥ ಹೊಟ್ಟೆನೋವು ಬಂದು ಅಡ್ಮಿಟ್ ಆಗಿದ್ದರಾ? ಪಿತ್ತಕೋಶದಲ್ಲಿ ಕಲ್ಲು? ಹೊಟ್ಟೆಗೆ ಏಟು? ಸ್ಕ್ಯಾನ್‌ಗಿಂತ ಮೊದಲು ಕೇಳಬೇಕಾದ್ದು ಇದು.

ತುಮಕೂರು_ಮಗಳು

ಇಲ್ಲ ಸರ್, ಯಾವತ್ತೂ ಇಲ್ಲ. ಹೆರಿಗೆ ಬಿಟ್ಟರೆ ಆಸ್ಪತ್ರೆಯಲ್ಲಿ ಮಲಗಿದವರೇ ಅಲ್ಲ. ಆ ಪ್ರಶ್ನೆ ಯಾಕೆ ಅಷ್ಟು ಮುಖ್ಯ?

ಹುಬ್ಬಳ್ಳಿ_ಮಾವ

ಯಾಕ ಮುಖ್ಯ ಅಂತ ನಾ ಹೇಳ್ತೀನ್ರೀ ತಂಗಿ. ನಮ್ಮ ತಮ್ಮಗ ಹೋದ ವರ್ಷ ಪಿತ್ತಕೋಶದ ಹರಳು ಜಾರಿ ಪ್ಯಾಂಕ್ರಿಯಾಸ್‌ಗೆ ಬಾವು ಬಂತು. ಹೊಟ್ಟಿ ಹಿಡಕೊಂಡು ಮುದ್ದಿ ಆಗಿ ಬಿದ್ದಿದ್ದ, ಹನ್ನೊಂದು ದಿನ ದವಾಖಾನ್ಯಾಗ ಇದ್ವಿ. ಮನಿಗೆ ಬಂದ ಆರು ವಾರಕ್ಕ ಮತ್ತ ಹೊಟ್ಟಿ ಭಾರ, ಎರಡು ತುತ್ತು ತಿಂದ್ರ ಸಾಕು ಅನಸ್ತಿತ್ತು ಅವಗ. ಸಿಟಿ ಮಾಡಿದ್ರ 9 ಸೆಂ.ಮೀ. ಚೀಲ. ನಾವು ಗಡ್ಡಿ ಅಂತ ತಿಳದು ಅಳಾಕ ಹತ್ತಿದ್ವಿ. ಡಾಕ್ಟರ್ ಕುಂದ್ರಿಸಿ ತಿಳಿಸಿ ಹೇಳಿದ್ರು: ಇದು ಬೆಳದ ಗಡ್ಡಿ ಅಲ್ಲ, ಬಾವು ಬಂದಾಗ ಸೋರಿದ ರಸ ಒಂದ ಕಡೆ ನಿಂತಿದ್ದು, ಸುತ್ತಲಿನ ಮಾಂಸ ಅದಕ್ಕ ಬೇಲಿ ಕಟ್ಟೇತಿ. ಅದಕ್ಕ ಸ್ಯೂಡೋಸಿಸ್ಟ್, ಅಂದ್ರ ಖರೇ ಸಿಸ್ಟ್ ಅಲ್ಲ ಅಂತ.

ಎಂಡೋಸ್ಕೋಪಿಯಿಂದ ಹೊಟ್ಟಿ ಗ್ವಾಡಿಗೆ ತೂತು ಮಾಡಿ ಸ್ಟೆಂಟ್ ಇಟ್ರು, ರಸ ಹೊಟ್ಟಿಯೊಳಗ ಹರದು ಹೋತು. ಈಗ ಆರಾಮ ಅದಾನ. ಪಿತ್ತಕೋಶ ತಗಿಸೀವಿ.

ಎಂಡೋ_ರೆಸಿಡೆಂಟ್

ಮಾವ ಹೇಳಿದ್ದರಲ್ಲೇ ವರ್ಗೀಕರಣದ ಮೊದಲ ಗೆರೆ ಇದೆ. ನಿಜವಾದ ಸಿಸ್ಟ್‌ಗೆ ಒಳಗಡೆ ಜೀವಕೋಶಗಳ ಅಸ್ತರಿ ಇರುತ್ತೆ. ಸ್ಯೂಡೋಸಿಸ್ಟ್‌ಗೆ ಅಸ್ತರಿ ಇಲ್ಲ, ಬರೀ ನಾರಿನ ಗೋಡೆ. ಅಸ್ತರಿ ಇಲ್ಲದ್ದು ಕ್ಯಾನ್ಸರ್ ಆಗಲ್ಲ. ಬದಲಾಗುವುದಕ್ಕೆ ಅಲ್ಲಿ ಜೀವಕೋಶಗಳ ಪದರವೇ ಇಲ್ಲ.

2012ರಲ್ಲಿ ಪರಿಷ್ಕರಿಸಿದ ಅಟ್ಲಾಂಟಾ ವರ್ಗೀಕರಣದ ಪ್ರಕಾರ ಪ್ಯಾಂಕ್ರಿಯಾಟೈಟಿಸ್ (ಪ್ಯಾಂಕ್ರಿಯಾಸ್ ಬಾವು) ಆದ ಮೊದಲ 4 ವಾರದಲ್ಲಿ ನಿಂತ ದ್ರವವನ್ನು ಸ್ಯೂಡೋಸಿಸ್ಟ್ ಅನ್ನಲ್ಲ. ಗೋಡೆ ಕಟ್ಟಿಕೊಳ್ಳೋಕೆ ಸುಮಾರು 4 ವಾರ ಬೇಕು. ಒಳಗೆ ಬರೀ ದ್ರವ ಇದ್ದರೆ ಸ್ಯೂಡೋಸಿಸ್ಟ್, ಸತ್ತ ಅಂಗಾಂಶದ ತುಣುಕುಗಳೂ ಇದ್ದರೆ ಅದು ವಾಲ್ಡ್‌ ಆಫ್ ನೆಕ್ರೋಸಿಸ್. ಎರಡಕ್ಕೂ ಚಿಕಿತ್ಸೆ ಬೇರೆ, ಹಾಗಾಗಿ ರಿಪೋರ್ಟಿನಲ್ಲಿ ಆ ಪದ ಸರಿಯಾಗಿರಬೇಕು. ‘6 ಸೆಂ.ಮೀ. ದಾಟಿತು, 6 ವಾರ ಆಯಿತು, ತೆಗೆಯಲೇಬೇಕು’ ಅನ್ನೋ ಹಳೇ ನಿಯಮ ಈಗಿಲ್ಲ. ನೋವು, ಸೋಂಕು, ಹೊಟ್ಟೆ ಅಥವಾ ಪಿತ್ತನಾಳದ ಮೇಲೆ ಒತ್ತಡ ಇದ್ದರೆ ಮಾತ್ರ ಕೈ ಹಾಕುತ್ತೇವೆ. ಎಷ್ಟೋ ಸ್ಯೂಡೋಸಿಸ್ಟ್ ತಾನಾಗೇ ಕರಗುತ್ತೆ.

ತಂಗಿ, ನಿಮ್ಮ ತಾಯಿಗೆ ಬಾವಿನ ಇತಿಹಾಸ ಇಲ್ಲ. ಹಾಗಾಗಿ ಸ್ಯೂಡೋಸಿಸ್ಟ್ ಅನ್ನೋ ಮಾತು ಇಲ್ಲಿಗೆ ಬಹುತೇಕ ಮುಗಿಯಿತು.

ಹಸಿರುಬೇರು

ನನ್ನ ಚಿಕ್ಕಪ್ಪನಿಗೂ ಇಂಥದ್ದೇ ಇತ್ತು. ಮೂರು ತಿಂಗಳು ಕಷಾಯ ಕುಡಿದರು, ಸ್ಕ್ಯಾನಿಂಗಲ್ಲಿ ಮಾಯ. ಬೇಕಿದ್ದರೆ ವಿಳಾಸ ಕೊಡುತ್ತೇನೆ.

ಎಂಡೋ_ರೆಸಿಡೆಂಟ್

ಚಿಕ್ಕಪ್ಪ ಗುಣವಾದದ್ದು ಸಂತೋಷ. ಅವರಿಗೆ ಮೊದಲು ಪ್ಯಾಂಕ್ರಿಯಾಟೈಟಿಸ್ ಆಗಿತ್ತಾ? ಆಗಿದ್ದರೆ ಅದು ಸ್ಯೂಡೋಸಿಸ್ಟ್, ಕಷಾಯ ಕುಡಿಯದಿದ್ದರೂ ಕರಗುವ ಸಾಧ್ಯತೆ ಇತ್ತು. ಲೋಳೆಯ ಸಿಸ್ಟ್ ಹಾಗೆ ಕರಗಲ್ಲ. ಅದಕ್ಕೆ ಕಷಾಯ ನಂಬಿ ಎರಡು ವರ್ಷ ಕಳೆದವರನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ. ದಯವಿಟ್ಟು ಯಾವ ಸಿಸ್ಟ್ ಅಂತ ತಿಳಿಯುವವರೆಗೂ ಯಾರಿಗೂ ವಿಳಾಸ ಕೊಡಬೇಡಿ.

ಹಸಿರುಬೇರು

ಹೌದು, ಅವರಿಗೆ ಮೊದಲು ಪ್ಯಾಂಕ್ರಿಯಾಟೈಟಿಸ್ ಆಗಿತ್ತು. ನನಗೆ ಈ ವ್ಯತ್ಯಾಸ ಗೊತ್ತಿರಲಿಲ್ಲ.

ನೇರಳೆ_ಮರ

ಬರೀಬೇಕೋ ಬೇಡವೋ ಅಂತ ಯೋಚಿಸಿ ಬರೀತಿದ್ದೀನಿ. ಇದೇ ಗೊಂದಲದಿಂದ ನನ್ನ ಅಕ್ಕ ಎರಡು ಸಲ ಆಪರೇಷನ್ ಮಾಡಿಸಿಕೊಂಡಳು.

ಆಗ ಅವಳಿಗೆ 46. ಎಡಗಡೆ ಪಕ್ಕೆಲುಬಿನ ಕೆಳಗೆ ಭಾರ. ಪ್ಯಾಂಕ್ರಿಯಾಸ್‌ನ ಬಾಲದಲ್ಲಿ 7 ಸೆಂ.ಮೀ. ಸಿಸ್ಟ್. ಮೊದಲ ಆಸ್ಪತ್ರೆಯವರು ‘ಸ್ಯೂಡೋಸಿಸ್ಟ್’ ಅಂತ ಬರೆದು ಅದನ್ನು ಹೊಟ್ಟೆಗೆ ಜೋಡಿಸಿ ಹರಿಯಬಿಟ್ಟರು. ಅವಳಿಗೆ ಯಾವತ್ತೂ ಪ್ಯಾಂಕ್ರಿಯಾಟೈಟಿಸ್ ಆಗಿರಲಿಲ್ಲ. ಯಾರೂ ಕೇಳಲಿಲ್ಲ, ಹೇಳಬೇಕು ಅಂತ ನಮಗೂ ಗೊತ್ತಿರಲಿಲ್ಲ. ಎಂಟು ತಿಂಗಳಿಗೆ ಅದು ಮತ್ತೆ ತುಂಬಿಕೊಂಡಿತು. ಎರಡನೇ ಊರಿನಲ್ಲಿ ಬಾಲದ ಭಾಗ ಮತ್ತು ಗುಲ್ಮ ಎರಡನ್ನೂ ತೆಗೆದರು. ಬಯಾಪ್ಸಿ: ಮ್ಯೂಸಿನಸ್ ಸಿಸ್ಟಿಕ್ ನಿಯೋಪ್ಲಾಸಂ. ದೇವರ ದಯೆ, ಕ್ಯಾನ್ಸರ್ ಆಗಿರಲಿಲ್ಲ.

ಆ ರಿಪೋರ್ಟಿನಲ್ಲಿ ‘ಅಂಡಾಶಯದಂಥ ಸ್ಟ್ರೋಮಾ’ ಅಂತ ಒಂದು ಸಾಲಿತ್ತು. ಪ್ಯಾಂಕ್ರಿಯಾಸ್‌ನಲ್ಲಿ ಅಂಡಾಶಯ ಎಲ್ಲಿಂದ ಬಂತು ಅಂತ ನಮಗೆ ಇವತ್ತಿಗೂ ಅರ್ಥ ಆಗಿಲ್ಲ.

ಸ್ಲೈಡ್_ಪೆಟ್ಟಿಗೆ

ನಾನು ಪ್ಯಾಥಾಲಜಿಸ್ಟ್. ನೇರಳೆ_ಮರ ಅವರೇ, ನಿಮ್ಮ ಅಕ್ಕನಿಗಾದದ್ದು ಓದಿ ಸಂಕಟವಾಯಿತು. ಲೋಳೆಯ ಸಿಸ್ಟನ್ನು ಸ್ಯೂಡೋಸಿಸ್ಟ್ ಅಂದುಕೊಂಡು ಹರಿಯಬಿಡುವುದು ಈ ವಿಷಯದಲ್ಲಿ ಎಲ್ಲ ಪಠ್ಯಗಳೂ ಎಚ್ಚರಿಸುವ ತಪ್ಪು. ಮಧ್ಯವಯಸ್ಸಿನ ಹೆಣ್ಣುಮಗಳು, ಬಾವಿನ ಇತಿಹಾಸ ಇಲ್ಲ, ಬಾಲದಲ್ಲಿ ಒಂದೇ ದೊಡ್ಡ ಸಿಸ್ಟ್. ಇಷ್ಟು ಕೇಳಿದರೆ ಮೊದಲು ನೆನಪಾಗಬೇಕಾದ್ದು ಎಂಸಿಎನ್.

ಅಂಡಾಶಯದ ಪ್ರಶ್ನೆಗೆ ಬರುತ್ತೇನೆ. ಎಂಸಿಎನ್ ಅಂತ ನಾವು ಸಹಿ ಹಾಕಬೇಕಾದರೆ ಲೋಳೆ ಸುರಿಸುವ ಅಸ್ತರಿಯ ಕೆಳಗೆ ಅಂಡಾಶಯದಲ್ಲಿ ಕಾಣುವಂಥದ್ದೇ ದಟ್ಟ ಅಂಗಾಂಶ ಇರಲೇಬೇಕು. ಈಸ್ಟ್ರೋಜನ್, ಪ್ರೊಜೆಸ್ಟರಾನ್ ಗ್ರಾಹಕಗಳ ಬಣ್ಣ ಹಾಕಿದರೆ ಅದು ಹಿಡಿಯುತ್ತೆ. ಭ್ರೂಣ ಕೆಲವೇ ವಾರದ್ದಾಗಿರುವಾಗ ಎಡಗಡೆಯ ಲಿಂಗಗ್ರಂಥಿಯ ಮೊಳಕೆ ಮತ್ತು ಪ್ಯಾಂಕ್ರಿಯಾಸ್‌ನ ಬಾಲ ಆಗಲಿರುವ ಭಾಗ ಅಕ್ಕಪಕ್ಕದಲ್ಲಿರುತ್ತವೆ. ಆಗ ಒಂದಿಷ್ಟು ಜೀವಕೋಶ ಅಲ್ಲೇ ಉಳಿದುಬಿಡುತ್ತೆ ಅನ್ನೋದು ಇರುವ ವಿವರಣೆ. ಎಂಸಿಎನ್ ಹೆಚ್ಚುಕಡಿಮೆ ಹೆಂಗಸರಿಗೇ ಬರುವುದು, ಹತ್ತರಲ್ಲಿ ಒಂಬತ್ತು ಪಾಲು ಬಾಡಿ ಮತ್ತು ಬಾಲದಲ್ಲೇ ಇರುವುದು, ಎರಡಕ್ಕೂ ಅದು ಹೊಂದುತ್ತೆ.

ಅಕ್ಕನಿಗೆ ಇದನ್ನು ಖಂಡಿತ ಹೇಳಿ: ಪೂರ್ತಿ ತೆಗೆದ, ಕ್ಯಾನ್ಸರ್ ಇಲ್ಲದ ಎಂಸಿಎನ್ ಮತ್ತೆ ಬರಲ್ಲ. ಜೀವನಪೂರ್ತಿ ಸ್ಕ್ಯಾನ್ ಮಾಡಿಸುತ್ತಾ ಇರಬೇಕಾಗಿಲ್ಲ. ಗುಲ್ಮ ತೆಗೆದಿರುವುದರಿಂದ ಲಸಿಕೆಗಳ ಬಗ್ಗೆ ಮಾತ್ರ ಡಾಕ್ಟರನ್ನು ಕೇಳಿ.

ನೇರಳೆ_ಮರ

ಇಷ್ಟು ವರ್ಷ ಪ್ರತಿ ಡಿಸೆಂಬರಿನಲ್ಲಿ ಹೆದರಿಕೊಂಡು ಸಿಟಿ ಮಾಡಿಸುತ್ತಿದ್ದಳು ಮೇಡಂ. ಈ ಸಲ ಡಾಕ್ಟರ ಹತ್ತಿರ ಇದನ್ನೇ ಕೇಳ್ತೀವಿ. ಲಸಿಕೆ ವಿಷಯ ಯಾರೂ ಹೇಳಿರಲಿಲ್ಲ.

ತುಮಕೂರು_ಮಗಳು

ಅಂದರೆ ಅಸ್ತರಿ ಇದೆಯೋ ಇಲ್ಲವೋ ಅನ್ನೋದು ಮೊದಲ ಪ್ರಶ್ನೆ. ಆಮೇಲೆ?

ಸ್ಲೈಡ್_ಪೆಟ್ಟಿಗೆ

ಆಮೇಲೆ: ಆ ಅಸ್ತರಿ ನೀರು ಸುರಿಸುತ್ತಾ, ಲೋಳೆ ಸುರಿಸುತ್ತಾ?

1978ಕ್ಕೆ ಮೊದಲು ಇವೆರಡನ್ನೂ ಒಟ್ಟಿಗೆ ಸಿಸ್ಟಡೆನೋಮ ಅಂತ ಒಂದೇ ಬುಟ್ಟಿಗೆ ಹಾಕುತ್ತಿದ್ದರು. ಆ ವರ್ಷ ಅಮೆರಿಕದ ಕಂಪಾಗ್ನೋ ಮತ್ತು ಓರ್ಟೆಲ್ ಎರಡು ಲೇಖನ ಬರೆದು ಬೇರ್ಪಡಿಸಿದರು. ಗ್ಲೈಕೋಜನ್ ತುಂಬಿದ, ಸಣ್ಣ ಸಣ್ಣ ಕೋಣೆಗಳ ಸೀರಸ್ ಗಡ್ಡೆ ಒಂದು ಕಡೆ. ಕ್ಯಾನ್ಸರ್ ಆಗಬಲ್ಲ ಲೋಳೆಯ ಗಡ್ಡೆ ಇನ್ನೊಂದು ಕಡೆ. ಇವತ್ತು ನಿಮ್ಮ ತಾಯಿಗೆ ಕತ್ತಿ ಬೇಕೋ ಬೇಡವೋ ಅಂತ ತೀರ್ಮಾನಿಸುವಾಗ ನಾವು ನಿಂತಿರುವುದು ಆ ಗೆರೆಯ ಮೇಲೇ.

ಕತ್ತರಿಸಿದಾಗ ಎರಡೂ ಎಷ್ಟು ಬೇರೆ ಅಂದರೆ, ಒಮ್ಮೆ ನೋಡಿದವರು ಮರೆಯಲ್ಲ. ಸೀರಸ್ ಗಡ್ಡೆಯನ್ನು ಚಾಕುವಿನಿಂದ ಸೀಳಿದರೆ ಒಳಗೆ ಸ್ಪಂಜು, ಜೇನುಗೂಡಿನಂಥ ನೂರಾರು ಸಣ್ಣ ತೂತು. ತಿಳಿನೀರು ಬೋರ್ಡಿನ ಮೇಲೆ ಹರಿದುಹೋಗುತ್ತೆ. ನಡುವೆ ನಕ್ಷತ್ರದ ಹಾಗೆ ಬಿಳಿ ಕಲೆ, ಕೆಲವು ಸಲ ಅದರಲ್ಲಿ ಸುಣ್ಣ. ಎಂಸಿಎನ್ ಸೀಳಿದರೆ ದಪ್ಪ ಗೋಡೆ, ಒಳಗಿನದ್ದು ಹರಿಯಲ್ಲ, ಬೆಂಡೆಕಾಯಿ ಲೋಳೆಯ ಹಾಗೆ ಚಾಕುವಿಗೆ ಅಂಟಿಕೊಂಡು ನೂಲಾಗಿ ಬರುತ್ತೆ.

ಸೀರಸ್ ಗಡ್ಡೆ ಕ್ಯಾನ್ಸರ್ ಆಗುವುದು ಅಷ್ಟು ಅಪರೂಪ, ತೊಂದರೆ ಕೊಡದಿದ್ದರೆ ಮುಟ್ಟುವ ಅಗತ್ಯವೇ ಇಲ್ಲ. ಒಂದೇ ಎಚ್ಚರ: ಪ್ಯಾಂಕ್ರಿಯಾಸ್ ತುಂಬ ಸಿಸ್ಟ್ ಇದ್ದು, ಮನೆತನದಲ್ಲಿ ಕಿಡ್ನಿ, ಮೆದುಳು, ಕಣ್ಣಿನ ಗಡ್ಡೆಗಳಿದ್ದರೆ ವಾನ್ ಹಿಪ್ಪೆಲ್ ಲಿಂಡೌ ಕಾಯಿಲೆ ಇದೆಯಾ ಅಂತ ನೋಡಬೇಕು.

ಕಾಡುಮಲ್ಲಿಗೆ_24

‘ಮಗಳ ಗಡ್ಡೆ’ ನನ್ನದು. ಕಾಲೇಜಿನಲ್ಲಿದ್ದಾಗ ಥ್ರೋಬಾಲ್ ಆಡುವಾಗ ಹೊಟ್ಟೆಗೆ ಪೆಟ್ಟಾಯಿತು, ಸ್ಕ್ಯಾನಿಂಗಲ್ಲಿ 6 ಸೆಂ.ಮೀ. ಗಡ್ಡೆ. ಎಸ್‌ಪಿಎನ್ ಅಂದರು. ಮಾಲಿಗ್ನೆಂಟ್ ಅನ್ನೋ ಪದ ಕೇಳಿದ್ದೇ ಅಪ್ಪ ಕುಸಿದು ಕೂತರು. ಆಪರೇಷನ್ ಆಗಿ ನಾಲ್ಕು ವರ್ಷ. ಕೀಮೋ ಕೊಡಲಿಲ್ಲ. ಈಗ ಕೆಲಸಕ್ಕೆ ಹೋಗ್ತಿದ್ದೀನಿ. ಆದರೂ ಅದು ಕ್ಯಾನ್ಸರ್ರಾ ಅಲ್ಲವಾ ಅಂತ ಯಾರಾದರೂ ಕೇಳಿದರೆ ಏನು ಹೇಳಬೇಕೋ ಗೊತ್ತಾಗಲ್ಲ.

ಸ್ಲೈಡ್_ಪೆಟ್ಟಿಗೆ

ಕೆಳದರ್ಜೆಯ ಮಾಲಿಗ್ನೆಂಟ್ ಗಡ್ಡೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಹೇಳುತ್ತೆ. ಪೂರ್ತಿ ತೆಗೆದವರಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಜನ ಗುಣವಾಗುತ್ತಾರೆ. ಇದನ್ನು ಮೊದಲು ಗುರುತಿಸಿದ್ದು ವರ್ಜೀನಿಯಾ ಫ್ರಾಂಟ್ಜ್ ಎಂಬ ವೈದ್ಯೆ, 1959ರಲ್ಲಿ. ಅದಕ್ಕೇ ಹಳಬರು ಫ್ರಾಂಟ್ಜ್ ಗಡ್ಡೆ ಅನ್ನುತ್ತಾರೆ.

ಇದು ನಿಜಕ್ಕೂ ಸಿಸ್ಟ್ ಆಗಿ ಹುಟ್ಟುವುದಲ್ಲ ಮಗಳೇ. ಗಟ್ಟಿ ಗಡ್ಡೆಯಾಗಿ ಹುಟ್ಟುತ್ತೆ. ರಕ್ತನಾಳದ ಹತ್ತಿರದ ಜೀವಕೋಶ ಉಳಿದು, ದೂರದವು ಉದುರುತ್ತವೆ. ಉದುರಿದ ಜಾಗದಲ್ಲಿ ರಕ್ತ ತುಂಬಿ ಸಿಸ್ಟಿನ ಹಾಗೆ ಕಾಣುತ್ತೆ. ‘ಸಿಸ್ಟ್’ ಅನ್ನೋದು ಆಕಾರದ ಹೆಸರು ಅಂತ ಮೇಲೆ ಹೇಳಿದ್ದಕ್ಕೆ ನಿನ್ನದೇ ಒಳ್ಳೆಯ ಉದಾಹರಣೆ. ಕೆಲವು ನ್ಯೂರೋಎಂಡೋಕ್ರೈನ್ ಗಡ್ಡೆಗಳೂ ಹೀಗೇ ಒಳಗೆ ಕರಗಿ ಸಿಸ್ಟ್ ವೇಷ ಹಾಕುತ್ತವೆ.

ಎಂಡೋ_ರೆಸಿಡೆಂಟ್

ಈಗ ಐಪಿಎಂಎನ್. 64 ವರ್ಷ, 18 ಮಿ.ಮೀ., ಆಕಸ್ಮಿಕವಾಗಿ ಕಂಡದ್ದು ಅಂದರೆ ನನ್ನ ಮನಸ್ಸು ಮೊದಲು ಹೋಗುವುದು ಇಲ್ಲಿಗೇ.

ಪ್ಯಾಂಕ್ರಿಯಾಸ್ ಒಳಗೆ ಬಾಲದಿಂದ ತಲೆವರೆಗೆ ಒಂದು ಮುಖ್ಯ ನಾಳ, ಅದಕ್ಕೆ ಸೇರುವ ಕವಲುನಾಳಗಳು. ಊರ ಕೆರೆಯ ದೊಡ್ಡ ಕಾಲುವೆ, ಅದರ ಕೈಕಾಲುವೆ ಅಂದುಕೊಳ್ಳಿ. ನಾಳದ ಒಳ ಅಸ್ತರಿಯೇ ಲೋಳೆ ಸುರಿಸುವ ಹಾಗೆ ಬದಲಾದರೆ ನಾಳ ಹಿಗ್ಗುತ್ತೆ. ಅದೇ ಐಪಿಎಂಎನ್. ಟೋಕಿಯೋದ ಓಹಾಶಿ ಮತ್ತು ಸಂಗಡಿಗರು 1982ರಲ್ಲಿ ಇದನ್ನು ವಿವರಿಸಿದರು. ಎಂಡೋಸ್ಕೋಪಿಯಲ್ಲಿ ನಾಳದ ಬಾಯಿ ಮೀನಿನ ಬಾಯಿ ತೆರೆದ ಹಾಗೆ ಅಗಲವಾಗಿ, ಲೋಳೆ ಹೊರಗೆ ಉಕ್ಕುವುದು ಇದರ ಗುರುತು. ಎಂಸಿಎನ್‌ಗೂ ಇದಕ್ಕೂ ಹೆಸರು ಬೇರೆಯಾಗಿ ನಿಂತದ್ದು 1996ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ. ಐಪಿಎಂಎನ್‌ಗೆ ನಾಳದ ಜೊತೆ ಸಂಪರ್ಕ ಇದೆ. ಎಂಸಿಎನ್‌ಗೆ ಸಾಮಾನ್ಯವಾಗಿ ಇಲ್ಲ. ನಿಮಗೆ ಎಂಆರ್‌ಸಿಪಿ ಬರೆದುಕೊಟ್ಟಿರುವುದು ಈ ಸಂಪರ್ಕ ನೋಡೋಕೆ.

ಇದರಲ್ಲೂ ಕವಲುನಾಳದ್ದು ಬೇರೆ, ಮುಖ್ಯನಾಳದ್ದು ಬೇರೆ, ಎರಡೂ ಸೇರಿದ್ದು ಬೇರೆ. ಮುಖ್ಯನಾಳ ಹಿಗ್ಗಿ ಆಪರೇಷನ್ ಆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಕ್ಯಾನ್ಸರ್ ಅಥವಾ ಅದರ ಹಿಂದಿನ ಹಂತ ಸಿಕ್ಕಿದೆ. ಕವಲುನಾಳದ್ದು ಅಷ್ಟು ಕೆಟ್ಟದ್ದಲ್ಲ, ಬಹಳಷ್ಟು ಜನ ಅದನ್ನಿಟ್ಟುಕೊಂಡೇ ಬಾಳುತ್ತಾರೆ.

ಯಾವಾಗ ಆಪರೇಷನ್ ಅನ್ನೋದಕ್ಕೆ 2006ರ ಸೆಂಡೈ, 2012ರ ಫುಕುವೋಕಾ ಸೂತ್ರಗಳಿಂದ ಈಗಿನ ಕ್ಯೋಟೋ ಸೂತ್ರಗಳವರೆಗೆ ತಿದ್ದುತ್ತಾ ಬಂದಿದ್ದಾರೆ. ಕಾಮಾಲೆ, ಒಳಗೋಡೆಯಲ್ಲಿ ಕಾಂಟ್ರಾಸ್ಟ್ ಹೀರುವ 5 ಮಿ.ಮೀ. ಅಥವಾ ದೊಡ್ಡ ಗಂಟು, ಮುಖ್ಯನಾಳ 10 ಮಿ.ಮೀ. ಅಥವಾ ಹೆಚ್ಚು, ಸೂಜಿ ಪರೀಕ್ಷೆಯಲ್ಲಿ ಕೆಟ್ಟ ಜೀವಕೋಶ: ಇವು ಇದ್ದರೆ ಸರ್ಜನ್ ಹತ್ತಿರ ನೇರ. ಸಿಸ್ಟ್ 3 ಸೆಂ.ಮೀ. ಮುಟ್ಟಿದ್ದು, ನಾಳ 5ರಿಂದ 9 ಮಿ.ಮೀ., ವರ್ಷಕ್ಕೆ 2.5 ಮಿ.ಮೀ. ಅಥವಾ ಹೆಚ್ಚು ಬೆಳೆದದ್ದು, ಹೊಸದಾಗಿ ಶುಗರ್ ಬಂದದ್ದು, ಇವು ಇದ್ದರೆ ಇಯುಎಸ್, ಅಂದರೆ ತುದಿಯಲ್ಲಿ ಸ್ಕ್ಯಾನಿಂಗ್ ಇರುವ ಎಂಡೋಸ್ಕೋಪಿ.

ಹುಬ್ಬಳ್ಳಿ_ಮಾವ

ಇಷ್ಟೆಲ್ಲಾ ಅಳತಿ ಯಾಕ್ರೀ ಡಾಕ್ಟ್ರ? ಬ್ಯಾಡಾದ್ದು ಐತಿ ಅಂದ್ರ ತಗದ ಬಿಡ್ರಿ, ಮನಸಿಗೆ ನೆಮ್ಮದಿ.

ಎಂಡೋ_ರೆಸಿಡೆಂಟ್

ಮಾವ, ಪ್ಯಾಂಕ್ರಿಯಾಸ್ ಅಪೆಂಡಿಕ್ಸ್ ಅಲ್ಲ. ತಲೆ ಭಾಗದಲ್ಲಿದ್ದರೆ ಸಣ್ಣಕರುಳಿನ ಮೊದಲ ಭಾಗ, ಪಿತ್ತನಾಳದ ಒಂದಿಷ್ಟು, ಪಿತ್ತಕೋಶ ಎಲ್ಲ ಸೇರಿಸಿ ತೆಗೆದು ಮತ್ತೆ ಮೂರು ಕಡೆ ಜೋಡಿಸಬೇಕು. ಒಳ್ಳೆಯ ಕೈಯಲ್ಲೂ ಮೂವರಲ್ಲಿ ಒಬ್ಬರಿಗಾದರೂ ಏನಾದರೊಂದು ತೊಡಕು ಆಗುತ್ತೆ. ಬಾಲ ತೆಗೆದರೂ ಆಮೇಲೆ ಶುಗರ್ ಬರಬಹುದು. ಐಪಿಎಂಎನ್‌ನಲ್ಲಂತೂ ಒಂದು ತುಂಡು ತೆಗೆದರೂ ಉಳಿದ ನಾಳದ ಅಸ್ತರಿ ಅದೇ ಜಾತಿಯದು, ಅದನ್ನು ನೋಡಿಕೊಳ್ಳುತ್ತಲೇ ಇರಬೇಕು. ಎಂಸಿಎನ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು.

ತುಮಕೂರು_ಮಗಳು

ಇಯುಎಸ್‌ನಲ್ಲಿ ಸೂಜಿ ಹಾಕಿ ನೀರು ತೆಗೆಯುತ್ತಾರಂತೆ. ಅದರಲ್ಲಿ ಸಿಇಎ ಅನ್ನೋ ಪ್ರೋಟೀನ್ ಜಾಸ್ತಿ ಬಂದರೆ ಕ್ಯಾನ್ಸರ್ ಅಂತಲಾ? ರಕ್ತದಲ್ಲೂ ಸಿಇಎ ನೋಡಿಸಲಾ?

ಎಂಡೋ_ರೆಸಿಡೆಂಟ್

ಇಲ್ಲಿ ಬಹಳ ಜನ ಎಡವುತ್ತಾರೆ. ಸಿಸ್ಟಿನ ದ್ರವದ ಸಿಇಎ ಬೇರೆ, ರಕ್ತದ ಸಿಇಎ ಬೇರೆ. 2004ರಲ್ಲಿ ಬ್ರಗ್ಗಿ ಮತ್ತು ಸಂಗಡಿಗರು ಅಮೆರಿಕದಲ್ಲಿ ನಡೆಸಿದ ಅಧ್ಯಯನದಿಂದ ದ್ರವದಲ್ಲಿ 192 ನ್ಯಾನೋಗ್ರಾಂ ಅನ್ನೋ ಗಡಿ ಬಂತು. ಅದನ್ನು ದಾಟಿದರೆ ‘ಇದು ಲೋಳೆಯ ಸಿಸ್ಟ್’ ಅನ್ನಬಹುದು, ಅದೂ ನೂರಕ್ಕೆ 79ರಷ್ಟು ಖಚಿತವಾಗಿ. ಕ್ಯಾನ್ಸರ್ ಆಗಿದೆ ಅಂತ ಅದು ಹೇಳಲ್ಲ. ಸಂಖ್ಯೆ ಸಾವಿರಗಟ್ಟಲೆ ಬಂದರೂ ಹೇಳಲ್ಲ. ಆ ಹಾಳೆ ನೋಡಿ ಎದೆ ಒಡೆದುಕೊಂಡು ಬಂದ ಕುಟುಂಬಗಳನ್ನು ಸಮಾಧಾನ ಮಾಡಿದ್ದೇನೆ.

ಈಗ ದ್ರವದ ಗ್ಲೂಕೋಸ್ ಕೂಡ ನೋಡುತ್ತೇವೆ. 50 ಮಿ.ಗ್ರಾಂಗಿಂತ ಕಡಿಮೆ ಇದ್ದರೆ ಲೋಳೆಯದು ಅನ್ನೋ ಕಡೆ ವಾಲುತ್ತೆ. ಅಮೈಲೇಸ್ (ಪ್ಯಾಂಕ್ರಿಯಾಸ್ ರಸದಲ್ಲಿರುವ ಕಿಣ್ವ) 250ಕ್ಕಿಂತ ಕಡಿಮೆ ಇದ್ದರೆ ಸ್ಯೂಡೋಸಿಸ್ಟ್ ಅಲ್ಲ ಅನ್ನಬಹುದು. ಇನ್ನೊಂದು ಪರೀಕ್ಷೆಗೆ ಯಂತ್ರವೇ ಬೇಡ. ಒಂದು ಹನಿಯನ್ನು ಗ್ಲೌಸ್ ಹಾಕಿದ ಹೆಬ್ಬೆರಳು, ತೋರುಬೆರಳ ನಡುವೆ ಇಟ್ಟು ಎಳೆಯುತ್ತೇವೆ. ಅಜ್ಜಿ ಉಂಡೆಗೆ ಬೆಲ್ಲದ ಪಾಕ ಎಳೆ ಬಂತಾ ಅಂತ ನೋಡುತ್ತಿದ್ದರಲ್ಲ, ಥೇಟ್ ಹಾಗೆ. ಎಳೆ ಒಂದು ಸೆಂ.ಮೀ. ಹಿಗ್ಗಿ ಒಂದು ಸೆಕೆಂಡ್ ನಿಂತರೆ ಲೋಳೆ. ಮೊದಲ ಸಲ ನನ್ನ ಬೆರಳ ನಡುವೆ ಆ ಎಳೆ ನಿಂತಾಗ ವರ್ಗೀಕರಣ ಅನ್ನೋದು ಪುಸ್ತಕದ ಮಾತಲ್ಲ ಅಂತ ಅನ್ನಿಸಿತು.

ಅಮ್ಮನಿಗೆ ಈಗ ಸೂಜಿ ಬೇಕಾಗದೇ ಇರಬಹುದು. ಫಲಿತಾಂಶದಿಂದ ತೀರ್ಮಾನ ಬದಲಾಗುವ ಹಾಗಿದ್ದರೆ ಮಾತ್ರ ಸೂಜಿ.

ಫಿಲ್ಮ್_ನೋಡುವವ

ನಮ್ಮ ಕಡೆಯ ಒಂದು ವಿಷಯ ಸೇರಿಸುತ್ತೇನೆ, ಹೊರದೇಶದ ಪುಟಗಳಲ್ಲಿ ಇದಕ್ಕೆ ಜಾಗ ಕಡಿಮೆ. ದಕ್ಷಿಣ ಭಾರತದಲ್ಲಿ ಟ್ರಾಪಿಕಲ್ ಪ್ಯಾಂಕ್ರಿಯಾಟೈಟಿಸ್ ಇದೆ. ಕುಡಿಯದ, ಚಿಕ್ಕ ವಯಸ್ಸಿನವರಿಗೆ ಬಂದು ನಾಳದ ತುಂಬ ಕಲ್ಲು, ಆಮೇಲೆ ಶುಗರ್. 1960ರ ದಶಕದಲ್ಲಿ ಕೇರಳದಲ್ಲಿ ಡಾ. ಗೀವರ್ಗೀಸ್ ಇದನ್ನು ವಿಸ್ತಾರವಾಗಿ ದಾಖಲಿಸಿದರು. ಇವರಲ್ಲೂ ಮುಖ್ಯನಾಳ ಹಿಗ್ಗಿರುತ್ತೆ. ಕಲ್ಲು ಅಡ್ಡ ಕೂತು ಹಿಗ್ಗಿದ್ದೋ, ಲೋಳೆಯಿಂದ ಹಿಗ್ಗಿದ್ದೋ ಬಿಡಿಸಿ ನೋಡಬೇಕು, ಯಾಕೆಂದರೆ ಅಳತೆ ಒಂದೇ ಇದ್ದರೂ ದಾರಿ ಬೇರೆ. ಪ್ಯಾಂಕ್ರಿಯಾಸ್‌ನ ಟಿಬಿಯೂ ಸಿಸ್ಟ್ ಗಡ್ಡೆಯ ಹಾಗೆ ಕಾಣಬಹುದು. ಜ್ವರ, ತೂಕ ಇಳಿತ, ಸುತ್ತ ಗ್ರಂಥಿಗಳು ಊದಿದ್ದರೆ ನಾನು ರಿಪೋರ್ಟಿನಲ್ಲಿ ಆ ಸಾಲು ಬರೆಯದೆ ಬಿಡಲ್ಲ.

ತುಮಕೂರು_ಮಗಳು

ಎಂಆರ್‌ಸಿಪಿ ಆಯಿತು. ರಿಪೋರ್ಟ್ ಹೀಗಿದೆ: ಬಾಡಿಯಲ್ಲಿ 17 ಮಿ.ಮೀ., ದ್ರಾಕ್ಷಿ ಗೊಂಚಲಿನಂಥ ಸಿಸ್ಟ್, ಮುಖ್ಯನಾಳಕ್ಕೆ ಸಣ್ಣ ಕೊಂಡಿ ಕಾಣುತ್ತೆ. ಮುಖ್ಯನಾಳ 2.5 ಮಿ.ಮೀ. ಗಂಟು ಇಲ್ಲ, ಗೋಡೆ ದಪ್ಪ ಇಲ್ಲ. ‘ಕವಲುನಾಳದ ಐಪಿಎಂಎನ್ ಇರಬಹುದು.’ ಈ ಸಲ ಒಂದೊಂದು ಪದವೂ ಅರ್ಥ ಆಯಿತು. ಡಾಕ್ಟರು 6 ತಿಂಗಳಿಗೆ ಬನ್ನಿ ಅಂದಿದ್ದಾರೆ. ಹೊಟ್ಟೆ ಉಬ್ಬರಕ್ಕೂ ಇದಕ್ಕೂ ಸಂಬಂಧ ಇರಲಿಕ್ಕಿಲ್ಲ ಅಂದರು. ಅಮ್ಮನಿಗೆ ‘ನಾಳದ ಕವಲಲ್ಲಿ ಲೋಳೆ ನಿಂತಿದೆ, ಸದ್ಯ ಸುಮ್ಮನಿದೆ, ನೋಡಿಕೊಂಡಿರಬೇಕು’ ಅಂದೆ. ‘ಸರಿ, ಹಾಗಾದರೆ ಯುಗಾದಿ ಆದಮೇಲೆ ತಾನೆ?’ ಅಂದರು.

ಎಂಡೋ_ರೆಸಿಡೆಂಟ್

ಅಮ್ಮನಿಗೆ ನೀವು ಹೇಳಿದ್ದು ಪೂರ್ತಿ ಸರಿ. ಕ್ಯೋಟೋ ಸೂತ್ರದಲ್ಲೂ 2 ಸೆಂ.ಮೀ.ಗಿಂತ ಸಣ್ಣದಕ್ಕೆ ಮೊದಲು 6 ತಿಂಗಳಿಗೆ, ಬದಲಾವಣೆ ಇಲ್ಲದಿದ್ದರೆ ಆಮೇಲೆ 18 ತಿಂಗಳಿಗೊಮ್ಮೆ. 5 ವರ್ಷ ಹಾಗೇ ಇದ್ದರೆ ನಿಲ್ಲಿಸುವುದರ ಬಗ್ಗೆಯೂ ಮಾತಾಡಬಹುದು. ನಡುವೆ ಕಾಮಾಲೆ, ಬೆನ್ನಿಗೆ ಹೊಡೆಯುವ ಹೊಟ್ಟೆನೋವು, ಕಾರಣವಿಲ್ಲದೆ ತೂಕ ಇಳಿತ, ಹೊಸದಾಗಿ ಶುಗರ್ ಬಂದರೆ ಕಾಯಬೇಡಿ.

ಫಿಲ್ಮ್_ನೋಡುವವ

ರಿಪೋರ್ಟ್ ಹಾಳೆ ಮಾತ್ರ ಅಲ್ಲ, ಚಿತ್ರಗಳ ಸಿಡಿಯನ್ನೂ ಕೇಳಿ ಇಸಿದುಕೊಳ್ಳಿ. ಸ್ಕ್ಯಾನಿಂಗಲ್ಲಿ 18, ಎಂಆರ್‌ಸಿಪಿಯಲ್ಲಿ 17 ಅಂದರೆ ಅದು ಕುಗ್ಗಿದ್ದಲ್ಲ, ಅಳೆದ ರೀತಿ ಬೇರೆ ಅಷ್ಟೆ. ವರ್ಷಕ್ಕೆ 2.5 ಮಿ.ಮೀ. ಬೆಳೆಯಿತಾ ಅಂತ ಹೇಳಬೇಕಾದವರಿಗೆ ಹಳೆಯ ಚಿತ್ರ ಪಕ್ಕದಲ್ಲಿರಬೇಕು. ಆದಷ್ಟೂ ಅದೇ ಸೆಂಟರಿನಲ್ಲಿ, ಎಂಆರ್‌ಸಿಪಿಯನ್ನೇ ಮಾಡಿಸಿ.

ತುಮಕೂರು_ಮಗಳು

ಸಿಡಿ ಕೊಟ್ಟಿರಲಿಲ್ಲ ಸರ್. ನಾಳೆ ಬೆಳಿಗ್ಗೆ ಹೋಗಿ ಇಸಿದುಕೊಂಡು ಬರ್ತೀನಿ.